ಮಂಜು, ಗುಡ್ಡ, ಕೊಲೆ ಬಿಟ್ಟು ನಮ್ಮ ಕಡೆಯ ಜನರಿರುವ ಸಿನಿಮಾ, ಸೀರೀಸ್ ಯಾವುದಿದೆ?

ಕಾಫಿಕಣ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನೇರವಾಗಿ ಕೇಳಿಬಿಡುತ್ತೇನೆ. ಈಚಿನ ನಾಲ್ಕೈದು ವರ್ಷಗಳಲ್ಲಿ ಬಂದ ಸಿನಿಮಾ, ಸೀರೀಸ್‌ಗಳಲ್ಲಿ ನಮ್ಮ ಚಿಕ್ಕಮಗಳೂರು, ಹಾಸನದ ಕಡೆಯ ಜನ ನಿಜವಾಗಿ ಕಾಣುವಂಥದ್ದು ಯಾವುದಾದರೂ ಇದೆಯಾ? ಗುಡ್ಡದ ಮೇಲೆ ಡ್ರೋನ್ ಹಾರಿಸಿ, ಒಂದು ಜೀಪು ತಿರುವಿನಲ್ಲಿ ಬಂದು, ಹೋಮ್‌ಸ್ಟೇಯಲ್ಲಿ ಹೆಣ ಬೀಳುವಂಥದ್ದು ಬೇಡ. ಅಂಥವು ಬೇಕಾದಷ್ಟಿವೆ.

ನಾನು ಕಾಫಿ ಕ್ಯೂರಿಂಗ್ (ಕಾಫಿ ಬೀಜ ಹದ ಮಾಡುವ ಕಾರ್ಖಾನೆ) ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಅತ್ತೆಯೂ ನಾನೂ ಟಿವಿ ಮುಂದೆ ಕೂರುತ್ತೇವೆ. ಅತ್ತೆ ಬೆಳೆದದ್ದು ಆಲ್ದೂರು ಕಡೆಯ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ. ಅವರ ಅಪ್ಪ ಅಲ್ಲಿ ಕೆಲಸದವರನ್ನು ನೋಡಿಕೊಳ್ಳುವ ಮೇಸ್ತ್ರಿಯಾಗಿದ್ದರು. ತೆರೆಯ ಮೇಲೆ ತೋಟ ಬಂದರೆ ಅತ್ತೆ ಹೀರೋಯಿನ್‌ನ ನೋಡುವುದೇ ಇಲ್ಲ, ಹಿಂದಿರುವ ಗಿಡ ನೋಡುತ್ತಾರೆ. "ಗಿಡದಲ್ಲಿ ಒಂದು ಹಣ್ಣೂ ಇಲ್ಲ. ಇವಳು ಬುಟ್ಟಿಗೆ ಏನು ಬಿಡಿಸಿ ಹಾಕುತ್ತಿದ್ದಾಳೆ?" ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಅವರ ಪ್ರಶ್ನೆ ಸಣ್ಣದು ಅಂತ ನನಗೆ ಅನಿಸುವುದಿಲ್ಲ. ತನ್ನ ಬಾಲ್ಯವೆಲ್ಲ ಕಳೆದ ಜಾಗವನ್ನು ತೆರೆಯ ಮೇಲೆ ನೋಡಲು ಕೂತ ಹೆಂಗಸಿಗೆ ಅಲ್ಲಿ ತನ್ನವರು ಒಬ್ಬರೂ ಸಿಗುವುದಿಲ್ಲ ಅಂದರೆ ಬೇಜಾರಾಗುತ್ತದೆ ಅಲ್ವಾ?

2025ರಲ್ಲಿ ಝೀ5ನಲ್ಲಿ 'ಅಯ್ಯನ ಮನೆ' ಬಂದಾಗ ಇಬ್ಬರೂ ಆಸೆಯಿಂದ ನೋಡಿದೆವು. ಕತೆ ನಮ್ಮ ಚಿಕ್ಕಮಗಳೂರಿನದು. ಕನ್ನಡದಲ್ಲೇ ತಯಾರಾದ ಸೀರೀಸ್. ಸೊಸೆ ಜಾಜಿಯಾಗಿ ಖುಷಿ ರವಿ ತುಂಬ ಚೆನ್ನಾಗಿ ಮಾಡಿದ್ದಾರೆ, ಆ ಕಣ್ಣಿನಲ್ಲಿರುವ ಭಯ ಸುಳ್ಳು ಅನಿಸುವುದಿಲ್ಲ. ಒಂದೇ ಸಲಕ್ಕೆ ಕೂತು ನೋಡಿಸಿಕೊಂಡು ಹೋಗುತ್ತದೆ. ಆದರೆ ನೋಡಿ ಮುಗಿಸಿದ ಮೇಲೆ ನನಗೆ ಮನೆ ನೆನಪಿದೆ, ಮನೆಯ ಹೊರಗಿನ ಊರು ನೆನಪಿಲ್ಲ. ಅದೇ ಕತೆಯನ್ನು ಶಿರಸಿಗೋ ಮಡಿಕೇರಿಗೋ ಎತ್ತಿಕೊಂಡು ಹೋದರೂ ಹೆಚ್ಚು ಬದಲಾಗುತ್ತಿರಲಿಲ್ಲ.

ಕರಾವಳಿಯವರನ್ನು ನೋಡಿ. 'ಕಾಂತಾರ' 2022ರಲ್ಲಿ ಬಂತು. ಭೂತಕೋಲದ ಬಗ್ಗೆ ಎಲ್ಲರೂ ಮಾತಾಡಿದರು. ನನಗೆ ಹಿಡಿಸಿದ್ದು ಅದಕ್ಕಿಂತ ಜಾಸ್ತಿ ಅಲ್ಲಿನ ಜಗಳಗಳು, ಮನೆಯಲ್ಲಿ ಅಮ್ಮ ಮಗನಿಗೆ ಬೈಯುವ ರೀತಿ, ಅರಣ್ಯ ಇಲಾಖೆಯವನು ಗಡಿ ಹಾಕಲು ಬಂದಾಗ ಊರಿನವರು ನಿಲ್ಲುವ ರೀತಿ. ನಮ್ಮ ಕಡೆಯೂ ಕಾಡಿನ ಅಂಚಿನ ಜಮೀನಿನ ಜಗಳ ಇಲ್ಲದ ಊರಿಲ್ಲ. 2025ರ 'ಕಾಂತಾರ ಚಾಪ್ಟರ್ 1' ಬಹಳ ದೊಡ್ಡದಾಗಿದೆ, ದೊಡ್ಡ ತೆರೆಯಲ್ಲಿ ನೋಡಬೇಕಾದದ್ದೇ. ಆದರೆ ಅದರಲ್ಲಿ ಯುದ್ಧ ಇದೆ, ರಥ ಇದೆ, ಆ ಬೈಗುಳದ ಅಮ್ಮ ಇಲ್ಲ. ನನಗೆ ಮೊದಲನೆಯದೇ ಹತ್ತಿರ.

ಅದೇ ವರ್ಷದ 'ಸು ಫ್ರಮ್ ಸೋ' ನನಗೆ ಇನ್ನೂ ಇಷ್ಟ. ಒಂದು ಊರು, ಒಂದು ಸುಳ್ಳು, ಅದನ್ನು ನಂಬಿ ಓಡಾಡುವ ಹತ್ತಾರು ಜನ. ಹಾಸ್ಯಕ್ಕೆ ಅಂತ ಯಾರನ್ನೂ ಕೆಳಗಿಳಿಸಿಲ್ಲ. ರವಿಯಣ್ಣನಂಥವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಮದುವೆ, ಸಾವು, ಜಗಳ ಎಲ್ಲಕ್ಕೂ ಮೊದಲು ಬಂದು ನಿಲ್ಲುವವರು. ದೊಡ್ಡ ಹೆಸರಿನ ಹೀರೋ ಇಲ್ಲದೆ, ಬರೀ ನೋಡಿದವರ ಬಾಯಿಮಾತಿನಿಂದಲೇ ನಮ್ಮ ಊರಿನ ಟಾಕೀಸಿನಲ್ಲೂ ಜನ ತುಂಬಿದರು. ನಾವು ಹೋದ ದಿನ ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಮಂಗಳೂರಿನ ಕನ್ನಡ ಅವರಿಗೆ ಎಲ್ಲೂ ತೊಡಕಾಗಲಿಲ್ಲ. ಹಾಗಾದರೆ ನಮ್ಮ ಮಾತು ಹಾಕಿದರೆ ಬೇರೆಯವರಿಗೆ ಅರ್ಥವಾಗಲ್ಲ ಅನ್ನುವ ನೆಪ ಇನ್ನು ಯಾಕೆ?

ಈಗ ಮಲಯಾಳಂ ಬಗ್ಗೆ. 2024ರ 'ಕಿಷ್ಕಿಂಧಾ ಕಾಂಡಂ' ನೋಡದವರು ದಯವಿಟ್ಟು ನೋಡಿ. ಕಾಡಿನ ಪಕ್ಕದ ಒಂದು ಮನೆ, ಮಿಲಿಟರಿಯಿಂದ ನಿವೃತ್ತರಾದ ಮುದುಕ, ಸುತ್ತ ಮಂಗಗಳು. ಚುನಾವಣೆ ಬರುತ್ತದೆ, ಲೈಸೆನ್ಸ್ ಇರುವವರೆಲ್ಲ ಬಂದೂಕು ಸ್ಟೇಷನ್ನಿಗೆ ಒಪ್ಪಿಸಬೇಕು. ಆಗ ನೋಡಿದರೆ ಮುದುಕನ ಬಂದೂಕೇ ಇಲ್ಲ. ಕತೆ ಅಲ್ಲಿಂದ ಶುರು. ಇದು ನಮ್ಮದೇ ಸಂಗತಿ! ಪ್ರತಿ ಚುನಾವಣೆಗೂ ನಮ್ಮ ತೋಟದ ಮನೆಗಳವರು ಕೋವಿ ಹಿಡಿದುಕೊಂಡು ಸ್ಟೇಷನ್ ಮುಂದೆ ಸಾಲು ನಿಲ್ಲುತ್ತಾರೆ. ಇಷ್ಟು ವರ್ಷ ನಮ್ಮ ಕಣ್ಣೆದುರಿಗೇ ಇದ್ದ ವಿಷಯದಿಂದ ಕೇರಳದವರು ಅಷ್ಟು ಒಳ್ಳೆಯ ಕತೆ ತೆಗೆದರು. ಅಪ್ಪು ಪಿಳ್ಳೈ ಆಗಿ ವಿಜಯರಾಘವನ್ ಅವರ ನಟನೆ ಬಗ್ಗೆ ಹೇಳಿದರೆ ಕತೆ ಬಿಟ್ಟುಕೊಟ್ಟಂತೆ ಆಗುತ್ತದೆ, ಹೇಳುವುದಿಲ್ಲ. ಅತ್ತೆ ಮಾರನೇ ದಿನ ಬೆಳಗ್ಗೆ ಕಾಫಿ ಕುಡಿಯುವಾಗಲೂ ಆ ಮುದುಕನ ಬಗ್ಗೆಯೇ ಮಾತಾಡುತ್ತಿದ್ದರು.

ಹಿಂದಿಯ 'ಪಂಚಾಯತ್' ಮೊದಲ ಎರಡು ಸೀಸನ್ ಕೂಡ ಹಾಗೇ. ಪಂಚಾಯ್ತಿ ಆಫೀಸಿನ ಒಂದು ಕೋಣೆ, ಒಬ್ಬ ಕಾರ್ಯದರ್ಶಿ, ಸೋರೆಕಾಯಿ ಕೊಡುವ ಪ್ರಧಾನರ ಮನೆ. ಆಮೇಲಿನ ಸೀಸನ್‌ಗಳಲ್ಲಿ ಚುನಾವಣೆಯ ಜಗಳ ಜಾಸ್ತಿ ಎಳೆದರು ಅನಿಸಿತು. ಆದರೂ ನಮ್ಮ ಪಿಡಿಒಗಳ ಬಗ್ಗೆ ಹೀಗೊಂದು ಕನ್ನಡದಲ್ಲಿ ಯಾಕಿಲ್ಲ? ಕಳಸದ ಕಡೆಯ ಪಂಚಾಯ್ತಿಯಲ್ಲಿ ಮಳೆಗಾಲದ ಮೂರು ತಿಂಗಳು ಕರೆಂಟಿಲ್ಲದೆ, ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುವವರ ಹತ್ತಿರ ಎಷ್ಟು ಕತೆ ಇರಬಹುದು.

ಕನ್ನಡ, ಬೇರೆ ಭಾಷೆ, ಸಿನಿಮಾ, ಸೀರೀಸ್ ಯಾವುದಾದರೂ ಸರಿ. ನಮ್ಮ ಬದುಕಿಗೆ ಹತ್ತಿರ ಇದ್ದರೆ ಸಾಕು. ಅತ್ತೆಗೆ ತೋರಿಸಬೇಕು.

ಬಿಸಿಲೆದಾರಿ (ಸಕಲೇಶಪುರ)

ಮೇಡಂ, ನೀವು ಬರೆದದ್ದು ನನ್ನ ಮನಸ್ಸಿನಲ್ಲಿ ಇದ್ದದ್ದೇ. 2006ರಲ್ಲಿ 'ಮುಂಗಾರು ಮಳೆ' ಬಂದಾಗ ನಮ್ಮ ಸಕಲೇಶಪುರದ ಮಳೆ ಇಡೀ ರಾಜ್ಯಕ್ಕೆ ಗೊತ್ತಾಯಿತು. ಆ ಸಿನಿಮಾ ಮೇಲೆ ನನಗೆ ಪ್ರೀತಿ ಇದೆ. ಆದರೆ ಆಮೇಲೆ ಬಂದವರೆಲ್ಲ ಮಳೆ ಮಾತ್ರ ತೆಗೆದುಕೊಂಡು ಹೋದರು.

ನಮ್ಮ ಬದುಕು ಅಂದರೆ ಈಗ ಆನೆ. ಸಕಲೇಶಪುರ, ಆಲೂರು, ಬೇಲೂರು, ನಿಮ್ಮ ಮೂಡಿಗೆರೆ, ಎಲ್ಲ ಕಡೆ ಅದೇ ಮಾತು. ಬೆಳಗ್ಗೆ ಕೆಲಸದವರು ತೋಟಕ್ಕೆ ಇಳಿಯುವ ಮೊದಲು ಮೊಬೈಲ್ ನೋಡುತ್ತಾರೆ, ಗುಂಪು ಯಾವ ಕಡೆ ಇದೆ ಅಂತ. ಮಕ್ಕಳನ್ನು ಸ್ಕೂಲ್ ಬಸ್ಸಿನ ತನಕ ಬಿಡಲು ಜೀಪು ಬೇಕು. ದಸರಾ ಅಂಬಾರಿಯನ್ನು ಎಂಟು ಸಲ ಹೊತ್ತ ಅರ್ಜುನ ತೀರಿಹೋದದ್ದು ನಮ್ಮ ಯಸಳೂರು ಭಾಗದಲ್ಲೇ, 2023ರ ಡಿಸೆಂಬರಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ಹೊತ್ತಿಗೆ. ಆ ದಿನ ಇಲ್ಲಿ ದೊಡ್ಡ ದೊಡ್ಡ ಗಂಡಸರು ಅತ್ತಿದ್ದನ್ನು ನಾನು ನೋಡಿದ್ದೇನೆ. ಅವರಲ್ಲಿ ಆನೆಯಿಂದ ಬೆಳೆ ಕಳೆದುಕೊಂಡವರೂ ಇದ್ದರು. ಸಿಟ್ಟು, ಪ್ರೀತಿ ಎರಡೂ ಒಂದೇ ಮನುಷ್ಯನಲ್ಲಿ ಇರುವುದು ಇಲ್ಲಿ ದಿನಾ ಕಾಣುತ್ತದೆ. ಯಾವ ಸಿನಿಮಾದಲ್ಲಿ ಬಂದಿದೆ ಹೇಳಿ?

'ದಿ ಎಲಿಫೆಂಟ್ ವಿಸ್ಪರರ್ಸ್'ಗೆ 2023ರಲ್ಲಿ ಆಸ್ಕರ್ ಬಂತು. ಬೊಮ್ಮನ್, ಬೆಳ್ಳಿ ದಂಪತಿ ಆ ಮರಿಗಳನ್ನು ಸಾಕುವುದು ನೋಡಿ ಮನಸ್ಸು ತುಂಬಿತು. ಆದರೆ ಅದು ಮುದುಮಲೈನ ಕ್ಯಾಂಪಿನ ಕತೆ. ಗದ್ದೆ ಬದುವಿನಲ್ಲಿ ನಿಂತವನ ಕತೆ ಅಲ್ಲ.

ನಿಮಗೆ ನಾನು ಹೇಳುವುದು 'ಪೋಚರ್' ಸೀರೀಸ್. 2024ರಲ್ಲಿ ಪ್ರೈಮ್‌ನಲ್ಲಿ ಬಂದದ್ದು, ಕೇರಳದ ದಂತ ಬೇಟೆಯ ಕೇಸಿನದು. ಫಾರೆಸ್ಟ್ ವಾಚರ್‌ಗಳು, ಗಾರ್ಡ್‌ಗಳು ಅದರಲ್ಲಿ ನಿಜವಾದ ಕೆಲಸ ಮಾಡುತ್ತಾರೆ. ಮನೆ, ಸಂಸಾರ ಬಿಟ್ಟು ಅಲೆಯುತ್ತಾರೆ. ನಿಧಾನ ಇದೆ, ತಾಳ್ಮೆಯಿಂದ ನೋಡಿ. ಕನ್ನಡದಲ್ಲಿ ಆದರೆ 2024ರ 'ಕೆರೆಬೇಟೆ'. ನಮ್ಮ ಜಿಲ್ಲೆಯದಲ್ಲ, ಆದರೆ ಮಲೆನಾಡಿನ ಮಾತು ಇದೆ. ಕೆರೆಗೆ ಊರೆಲ್ಲ ಒಟ್ಟಿಗೆ ಮೀನು ಹಿಡಿಯಲು ಇಳಿಯುವ ಭಾಗ ನೋಡುವಾಗ ನನಗೆ ಅಲ್ಲಿಗೇ ಹೋಗಿ ನಿಂತಂತಾಯಿತು.

ನಿವೃತ್ತ ಮೇಷ್ಟ್ರು (ಮೂಡಿಗೆರೆ)

ಪ್ರಶ್ನೆ ಕೇಳಿದ ತಾಯಿಗೆ ನಮಸ್ಕಾರ. ನಿಮ್ಮ ಅತ್ತೆಯವರ ಮಾತು ಓದಿ ಸಂತೋಷವಾಯಿತು. ಅಂಥ ಪ್ರೇಕ್ಷಕರು ಇರುವ ತನಕ ಸಿನಿಮಾದವರಿಗೆ ಸುಳ್ಳು ಹೇಳುವುದು ಸುಲಭವಲ್ಲ.

'ಡೇರ್‌ಡೆವಿಲ್ ಮುಸ್ತಫಾ' ನೋಡಿದ್ದೀರಾ? ನಿಮ್ಮ ಬರಹದಲ್ಲಿ ಅದರ ಹೆಸರಿಲ್ಲ. 2023ರಲ್ಲಿ ಬಂತು. ನಮ್ಮ ಮೂಡಿಗೆರೆಯಲ್ಲೇ ಬದುಕಿದ ಪೂರ್ಣಚಂದ್ರ ತೇಜಸ್ವಿಯವರ ಕತೆ. ಅದಕ್ಕೆ ದುಡ್ಡು ಹಾಕಿದವರು ತೇಜಸ್ವಿಯವರ ಓದುಗರು, ಸುಮಾರು ನೂರು ಜನ ಸೇರಿ ನಿರ್ಮಾಪಕರಾದರು. ನಿರ್ದೇಶಕ ಶಶಾಂಕ್ ಸೋಗಾಲ್. ಅಬಚೂರಿನ ಒಂದು ಕಾಲೇಜಿಗೆ ಮುಸ್ಲಿಂ ಹುಡುಗ ಬಂದಾಗ ತರಗತಿಯಲ್ಲಿ ಆಗುವ ಗಲಿಬಿಲಿ, ಆಮೇಲೆ ಒಂದು ಕ್ರಿಕೆಟ್ ಪಂದ್ಯ. ಕತೆ ಚಿಕ್ಕದು, ಸಿನಿಮಾಕ್ಕಾಗಿ ಹಿಗ್ಗಿಸಿದ್ದಾರೆ. ಕೆಲವು ಕಡೆ ಬಣ್ಣ ಸ್ವಲ್ಪ ಜಾಸ್ತಿಯಾಗಿದೆ. ಆದರೂ ಆ ಹುಡುಗರ ಹೆದರಿಕೆ ಕರಗಿ ಗೆಳೆತನವಾಗುವುದನ್ನು ತೋರಿಸುವಾಗ ಎಲ್ಲೂ ಭಾಷಣಕ್ಕೆ ಹೋಗಲಿಲ್ಲ. ನಾನು ಪಾಠ ಮಾಡಿದ ತರಗತಿಗಳಲ್ಲಿ ಅಂಥ ಹುಡುಗರು ಕೂತಿದ್ದರು. ನನಗೆ ಬಹಳ ಹಿಡಿಸಿತು.

ಹೊಸದೇ ಬೇಕು ಅಂತ ಹಟ ಇಲ್ಲದಿದ್ದರೆ ಅತ್ತೆಯವರಿಗೆ 'ತಬರನ ಕಥೆ' ತೋರಿಸಿ. ಗಿರೀಶ್ ಕಾಸರವಳ್ಳಿಯವರದು, ಸ್ವರ್ಣಕಮಲ ಪಡೆದ ಚಿತ್ರ. ಇದೂ ತೇಜಸ್ವಿಯವರ ಕತೆ. ಎಲ್ಲರೂ ಅದನ್ನು ಪಿಂಚಣಿಯ ಕತೆ ಅಂತ ಹೇಳುತ್ತಾರೆ. ತಬರನ ಪಿಂಚಣಿ ಯಾಕೆ ನಿಂತಿತು ಅನ್ನುವುದನ್ನು ಮರೆಯುತ್ತಾರೆ. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲಿ ಮಾಡುವ ಕೆಲಸ ಅವನ ತಲೆಗೆ ಬಿತ್ತು. ಅವರು ಕೊಡಲಿಲ್ಲ. ಆ ಬಾಕಿ ಬಡ ನೌಕರನ ಲೆಕ್ಕಕ್ಕೆ ಬಂತು. ನೀವು ಲೆಕ್ಕ ಬರೆಯುವವರು, ಆ ಭಾಗ ನಿಮಗೆ ನನಗಿಂತ ಚೆನ್ನಾಗಿ ಹೊಕ್ಕುತ್ತದೆ. ಚಾರುಹಾಸನ್ ಅವರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ನನ್ನ ಒಂದು ಅಭಿಪ್ರಾಯ ಹೇಳುತ್ತೇನೆ. ಮಾತಿನ ಧಾಟಿ ಬೇಕು, ನಿಜ. ಆದರೆ ಧಾಟಿಯೊಂದೇ ಸಾಲದು. ಪಾತ್ರಕ್ಕೆ ಕೆಲಸ ಇರಬೇಕು. ಈಗಿನ ಸಿನಿಮಾಗಳಲ್ಲಿ ಜನ ಏನು ಮಾಡಿ ಊಟ ಮಾಡುತ್ತಾರೆ ಅನ್ನುವುದೇ ಗೊತ್ತಾಗುವುದಿಲ್ಲ. 2024ರ 'ಶಾಖಾಹಾರಿ' ಅದಕ್ಕೇ ಇಷ್ಟವಾಯಿತು. ಕೊಲೆ ಇದೆ, ಪೊಲೀಸ್ ಇದ್ದಾರೆ, ಮಳೆಯೂ ಇದೆ. ಆದರೆ ರಂಗಾಯಣ ರಘು ಅಲ್ಲಿ ಒಂದು ಸಣ್ಣ ಹೋಟೆಲಿನ ಯಜಮಾನ. ಮೊದಲು ಒಲೆ, ಆಮೇಲೆ ಕೊಲೆ. ಹಾಗಾಗಿ ನಂಬಿದೆವು.

ಇನ್ನೊಂದು ವಿಷಯ. ನಿಮ್ಮ ಊರಿನ ಪಕ್ಕದ ಕಳಸಾಪುರದಲ್ಲಿ 'ಭೂತಯ್ಯನ ಮಗ ಅಯ್ಯು' ಚಿತ್ರೀಕರಣವಾಯಿತು. 1974ರ ಚಿತ್ರ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆ. ಹಾಸನದ ಕತೆ, ಚಿಕ್ಕಮಗಳೂರಿನ ಊರು. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಸರಿಯಾದ ಜೋಡಿ ಇಲ್ಲ.

ಕೊಬ್ಬರಿಮಂಡಿ (ಅರಸೀಕೆರೆ)

ಅಕ್ಕಾ, ಒಂದು ವಿಷಯಕ್ಕೆ ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಹಾಸನ ಅಂದರೆ ಸಕಲೇಶಪುರ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಅರಸೀಕೆರೆಯಲ್ಲಿ ಕಾಫಿ ಗಿಡ ಇಲ್ಲ. ತೆಂಗು, ರಾಗಿ, ಬೋರ್‌ವೆಲ್ ಇದೆ. ಹಾಸನದ ಸುತ್ತ ಆಲೂಗಡ್ಡೆ. ಬಿತ್ತನೆ ಗಡ್ಡೆ ಕೊಳ್ಳಲು ಎಪಿಎಂಸಿ ಮುಂದೆ ರಾತ್ರಿಯೆಲ್ಲ ಕಾಯುವ ರೈತರು, ಆಮೇಲೆ ಅಂಗಮಾರಿ ಬಂದು ಎಲೆ ಕಪ್ಪಾಗುವುದು, ಇದರ ಸಿನಿಮಾ ಯಾರು ಮಾಡುತ್ತಾರೆ? ನಿಮ್ಮ ಮಂಜಾದರೂ ತೆರೆಗೆ ಬಂತು. ನಮ್ಮ ಬಯಲು ಅದಕ್ಕೂ ಸಿಕ್ಕಿಲ್ಲ. ಡಾಲಿ ಧನಂಜಯ ನಮ್ಮ ತಾಲ್ಲೂಕಿನವರು. ಅವರು ಒಂದು ಸಲ ನಮ್ಮ ಕೊಬ್ಬರಿ ಮಂಡಿಯ ಪಾತ್ರ ಮಾಡಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಎರಡನೆಯದು, ಮನಸ್ಸಿಗೆ ತಟ್ಟಲು ಊರು ನಮ್ಮದೇ ಆಗಬೇಕು ಅಂತ ಇಲ್ಲ. 'ಸಪ್ತ ಸಾಗರದಾಚೆ ಎಲ್ಲೋ' ಮೊದಲ ಭಾಗ ನೋಡಿ ಹೊರಗೆ ಬಂದು ನಾನು ಗೆಳೆಯರ ಜೊತೆ ಮಾತಾಡಲೇ ಇಲ್ಲ. ಮನು, ಪ್ರಿಯಾ ಬೆಂಗಳೂರಿನವರು. ಅದರಿಂದ ಏನಾಯಿತು? ರುಕ್ಮಿಣಿ ವಸಂತ್ ಜೈಲಿಗೆ ಬಂದು ಅವನ ಎದುರು ನಿಂತಾಗ ಊರು ಯಾರಿಗೆ ಬೇಕು? ಎರಡನೇ ಭಾಗ ನನಗೆ ಅಷ್ಟು ಹಿಡಿಸಲಿಲ್ಲ, ಅದರಲ್ಲಿ ಹೊಡೆದಾಟ ಜಾಸ್ತಿ. ಆದರೆ ಚೈತ್ರಾ ಆಚಾರ್ ಇರುವ ದೃಶ್ಯಗಳು ಒಂದೊಂದೂ ಸರಿಯಾಗಿವೆ.

ನೀವು ಕೇಳಿದಂಥದ್ದೇ ಬೇಕು ಅಂದರೆ 'ಶಿವಮ್ಮ ಯರೇಹಂಚಿನಾಳ' ನೋಡಿ. ಕೊಪ್ಪಳದ ಊರು. ನಿರ್ದೇಶಕ ಜೈಶಂಕರ್ ಆರ್ಯರ್ ಅದೇ ಊರಿನವರು, ಪಾತ್ರ ಮಾಡಿದವರೂ ಊರಿನವರೇ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಶಕ್ತಿಯ ಪುಡಿ ಮಾರುವ ಚೈನ್ ಬಿಸಿನೆಸ್ಸಿಗೆ ಸೇರಿ ಹಟಕ್ಕೆ ಬೀಳುತ್ತಾಳೆ. ಬುಸಾನ್ ಚಿತ್ರೋತ್ಸವದಲ್ಲಿ 2022ರಲ್ಲಿ ಪ್ರಶಸ್ತಿ ಗೆದ್ದ ಚಿತ್ರ, ನಮ್ಮಲ್ಲಿ 2024ರಲ್ಲಿ ಬಿಡುಗಡೆ ಆಯಿತು. ನನ್ನ ಚಿಕ್ಕಮ್ಮ ಥೇಟ್ ಶಿವಮ್ಮ.

ಅಂದಹಾಗೆ 'ಕಿರಿಕ್ ಪಾರ್ಟಿ'ಯ ಕಾಲೇಜು ನಮ್ಮ ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು. ಅದರಲ್ಲಿ ಹಾಸನ ಎಷ್ಟು ಕಾಣುತ್ತದೆ ಅಂತ ಕೇಳಬೇಡಿ, ಕಾಲೇಜು ಮಾತ್ರ ಚೆನ್ನಾಗಿ ಕಾಣುತ್ತದೆ.

ಕಾಫಿಕಣ (ಚಿಕ್ಕಮಗಳೂರು)

ತಮ್ಮಾ, ಬೇಜಾರು ಯಾಕೆ? ನೀನು ಹೇಳಿದ ಬಯಲಿನ ಮಾತು ಸರಿಯಾಗಿದೆ. ನಮ್ಮ ಕಡೂರು, ತರೀಕೆರೆಯವರೂ ಇದನ್ನೇ ಹೇಳುತ್ತಾರೆ. ಆಲೂಗಡ್ಡೆ ಬಿತ್ತನೆಯ ಆ ರಾತ್ರಿ ಒಂದೇ ಸಾಕು, ಪೂರ್ತಿ ಸಿನಿಮಾ ಆಗುತ್ತದೆ.

ಆದರೆ 'ಸಪ್ತ ಸಾಗರ'ದ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಅಲ್ಲಿ ಮನು ದೊಡ್ಡ ಮನೆಯ ಡ್ರೈವರ್, ಪ್ರಿಯಾ ಸಣ್ಣ ಮನೆಯ ಹುಡುಗಿ, ಸ್ವಂತ ಮನೆಯ ಕನಸು, ಅದಕ್ಕೆ ದುಡ್ಡು ಬೇಕು. ಅದಕ್ಕಾಗಿಯೇ ಅವನು ಬೇರೆಯವರ ತಪ್ಪು ಹೊತ್ತುಕೊಂಡದ್ದು. ಬೆಂಗಳೂರಿನಲ್ಲಿ ಮನೆ ಮಾಡುವುದು ಎಷ್ಟು ಕಷ್ಟ ಅನ್ನುವುದನ್ನು ತೆಗೆದುಬಿಟ್ಟರೆ ಆ ಕತೆಯೇ ನಡೆಯುವುದಿಲ್ಲ. ಊರು ಬೇಕು. ನನಗೆ ಅಳು ಬಂದದ್ದು ಅದಕ್ಕೇ.

ಇಂಗ್ಲಿಷಿನ 'ಅಡೊಲೆಸೆನ್ಸ್' ನೋಡಿದಾಗಲೂ ಇದೇ ಅನಿಸಿತು. 2025ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು, ನಾಲ್ಕೇ ಎಪಿಸೋಡ್, ಒಂದೊಂದನ್ನೂ ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ತೆಗೆದಿದ್ದಾರೆ. ಉತ್ತರ ಇಂಗ್ಲೆಂಡಿನ ಒಂದು ಊರು, ಕೊಳಾಯಿ ಕೆಲಸದ ಅಪ್ಪ, ಅವನ ವ್ಯಾನು. ಮಗ ಏನು ಮಾಡಿದ ಅನ್ನುವುದು ಮೊದಲ ಎಪಿಸೋಡಿಗೇ ಗೊತ್ತಾಗುತ್ತದೆ. ಆಮೇಲೆ ಉಳಿಯುವುದು ಯಾಕೆ ಅನ್ನುವ ಪ್ರಶ್ನೆ. ಕೊನೆಯ ಎಪಿಸೋಡಿನಲ್ಲಿ ಅಪ್ಪ ವ್ಯಾನಿನ ಮೇಲಿನ ಬರಹ ಅಳಿಸಲು ಒದ್ದಾಡುವಾಗ ನನ್ನ ಮಗನ ರೂಮಿಗೆ ಹೋಗಿ ಅವನು ನಿದ್ದೆ ಮಾಡಿದ್ದಾನಾ, ಫೋನ್ ಎಲ್ಲಿದೆ ಅಂತ ನೋಡಿ ಬಂದೆ. ಅವರ ಊರಿನ ಮಾತು ನನಗೆ ಅರ್ಧ ಅರ್ಥವಾಗಲಿಲ್ಲ, ಕೆಳಗೆ ಬರುವ ಅಕ್ಷರ ಓದಿಕೊಂಡೆ. ಆದರೂ ಎಲ್ಲ ತಲುಪಿತು.

ಮೇಷ್ಟ್ರೆ, ನೀವು ಹೇಳಿದಂತೆ ನಿನ್ನೆ 'ತಬರನ ಕಥೆ' ಹಾಕಿದೆ. ಅತ್ತೆ ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ "ನಮ್ಮಪ್ಪನ ಗ್ರಾಚ್ಯುಟಿಗೂ ಹೀಗೇ ಅಲೆದಿದ್ದೆವು" ಅಂತ ಶುರು ಮಾಡಿ ಮಲಗುವ ತನಕ ಹೇಳಿದರು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರದ ವಿಷಯಗಳು. ಕೆಲಸ ಇರುವ ಪಾತ್ರ ಬೇಕು ಅಂತ ನೀವು ಬರೆದದ್ದನ್ನು ನಾನು ಇನ್ನೂ ಮುಂದಕ್ಕೆ ಹೇಳುತ್ತೇನೆ. ಕೂಲಿ ಎಷ್ಟು, ಯಾರು ಕೊಡುತ್ತಾರೆ, ಯಾವ ದಿನ ಕೊಡುತ್ತಾರೆ ಅನ್ನುವುದೂ ಗೊತ್ತಾಗಬೇಕು. ತೋಟದಲ್ಲಿ ಪ್ರೀತಿ, ಜಗಳ, ಹೆದರಿಕೆ ಎಲ್ಲ ಅದಕ್ಕೇ ಅಂಟಿಕೊಂಡಿರುತ್ತದೆ.

ಬಿಸಿಲೆದಾರಿ ಸರ್, ಅರ್ಜುನನ ದಿನ ನಮ್ಮ ಆಫೀಸಿನಲ್ಲೂ ಯಾರೂ ಸರಿಯಾಗಿ ಕೆಲಸ ಮಾಡಲಿಲ್ಲ. 'ಪೋಚರ್' ಈ ವಾರ ಶುರು ಮಾಡುತ್ತೇವೆ.

ಬೂಮ್‌ರಾಡ್ (ಹಾಸನ, ಈಗ ಬೆಂಗಳೂರು)

ನಾನು ಸಿನಿಮಾ ಸೌಂಡ್ ವಿಭಾಗದಲ್ಲಿ ಸಹಾಯಕ. ಹುಟ್ಟಿದ್ದು ಹಾಸನ. ನಿಮ್ಮ ಅತ್ತೆಯವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ ಮೇಡಂ, ಅದಕ್ಕೇ ಬರೆಯುತ್ತಿದ್ದೇನೆ.

ಗಿಡದಲ್ಲಿ ಹಣ್ಣು ಯಾಕಿರುವುದಿಲ್ಲ ಅಂದರೆ, ಹಣ್ಣಿರುವಾಗ ತೋಟದವರು ಶೂಟಿಂಗಿಗೆ ಜಾಗ ಕೊಡಲು ಹಿಂಜರಿಯುತ್ತಾರೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ಆಮೇಲೆ ರೋಬಸ್ಟಾ. ವರ್ಷದ ದುಡಿಮೆ ಕೈಗೆ ಬರುವ ಹೊತ್ತಿನಲ್ಲಿ ನೂರು ಜನ, ಜನರೇಟರ್, ಕ್ರೇನ್ ಒಳಗೆ ಬಂದರೆ ಯಾರಿಗೆ ಬೇಕು? ಜೂನ್, ಜುಲೈನಲ್ಲಿ ನಮಗೇ ಆಗುವುದಿಲ್ಲ, ಮಳೆಯಲ್ಲಿ ಸಲಕರಣೆ ಹಾಳಾಗುತ್ತದೆ. ಉಳಿಯುವುದು ಸೆಪ್ಟೆಂಬರ್, ಅಕ್ಟೋಬರ್. ಎಲ್ಲ ಹಸಿರು, ಕಾಯಿ ಇನ್ನೂ ಹಸಿರು. ಬುಟ್ಟಿ ಮಾತ್ರ ಶೂಟಿಂಗಿನ ಸಾಮಾನು ಒದಗಿಸುವ ಪ್ರಾಪರ್ಟಿಯವರು ತಂದುಕೊಡುತ್ತಾರೆ. ಮಂಜು ಬಿಸಿಲೇರಿದರೆ ಹೋಗುತ್ತದೆ, ಹಾಗಾಗಿ ಎಷ್ಟೋ ಸಲ ನೀವು ನೋಡುವುದು ಮೆಷಿನ್ ಹೊಗೆ. ಮಳೆಯೂ ಟ್ಯಾಂಕರಿನದು. ನಿಜವಾದ ಮಳೆಗೆ ಹಿಂದಿನಿಂದ ಬೆಳಕು ಕೊಡದಿದ್ದರೆ ಕ್ಯಾಮೆರಾಗೆ ಸರಿಯಾಗಿ ಕಾಣುವುದೇ ಇಲ್ಲ.

ಮಾತಿನ ಕತೆ ಇನ್ನೂ ಬೇರೆ. ಮಲೆನಾಡಿನಲ್ಲಿ ಜಾಗದಲ್ಲೇ ಮಾತು ಹಿಡಿಯುವುದು ನಿಜಕ್ಕೂ ಕಷ್ಟ. ಜೀರುಂಡೆ, ಹಳ್ಳದ ನೀರು, ತಗಡಿನ ಮೇಲೆ ಹನಿ, ದೂರದ ಮೋಟಾರು, ಎಲ್ಲ ಮೈಕಿಗೆ ಬರುತ್ತದೆ. ಅದಕ್ಕೆ ಬಹಳ ತಂಡಗಳು ಸುಲಭದ ದಾರಿ ಹಿಡಿಯುತ್ತವೆ. ಇಲ್ಲಿ ಬಾಯಿ ಆಡಿಸಿ, ತಿಂಗಳುಗಳಾದ ಮೇಲೆ ಬೆಂಗಳೂರಿನ ಡಬ್ಬಿಂಗ್ ಕೋಣೆಯಲ್ಲಿ ಮಾತು ಕೂರಿಸುತ್ತವೆ. ಅಲ್ಲಿ ಎಸಿ ಇದೆ, ಎದುರಿಗೆ ತೆರೆ ಇದೆ, ಊರಿನವರು ಒಬ್ಬರೂ ಇಲ್ಲ. ಮಾತು ಹೇಗೆ ನಮ್ಮದಾಗುತ್ತದೆ? ಊರಿನವರು ಒಂದೆರಡು ಸಾಲು ಹೇಳಿದ್ದರೂ ಅದನ್ನು ಬೇರೆಯವರ ದನಿಯಲ್ಲಿ ತುಂಬಿಸುತ್ತಾರೆ. ನಾನು ನಿಂತು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಸೀರೀಸ್ ಯಾಕಿಲ್ಲ ಅಂತ ಕೇಳಿದಿರಿ. 'ಏಕಂ' ಹೆಸರು ಕೇಳಿದ್ದೀರಾ? ಕರಾವಳಿಯ ಏಳು ಕತೆಗಳು, ಸುಮಂತ್ ಭಟ್, ಸಂದೀಪ್ ಪಿ.ಎಸ್. ಮತ್ತು ಗೆಳೆಯರು ಮಾಡಿದ್ದು, ರಕ್ಷಿತ್ ಶೆಟ್ಟಿಯವರ ಬೆಂಬಲ ಇತ್ತು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಇದ್ದಾರೆ. ಅಷ್ಟಿದ್ದೂ ಯಾವ ಓಟಿಟಿಯವರೂ ತೆಗೆದುಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. 2025ರಲ್ಲಿ ಬಂದ 'ಮಿಥ್ಯ' ಅದೇ ಸುಮಂತ್ ಅವರದು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ ಮುಂಬೈನಿಂದ ಉಡುಪಿ ಕಡೆಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಆ ಹುಡುಗ ಮಾತಾಡದೆ ಇರುವಾಗ ಸುತ್ತ ಕೇಳುವ ಸದ್ದುಗಳನ್ನು ಗಮನಿಸಿ. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಬರುವುದು ಅಂಥ ಸಿನಿಮಾ ನೋಡಿದಾಗ.

ನಾನೂ ಒಬ್ಬ ಗೆಳೆಯನೂ ಸೇರಿ ಒಂದು ಸಣ್ಣ ಕತೆ ಬರೆಯುತ್ತಿದ್ದೇವೆ. ಬೇಲೂರು, ಚಿಕ್ಕಮಗಳೂರು ಗಡಿಯ ಒಂದು ತೋಟದ್ದು. ಹತ್ತಿಪ್ಪತ್ತು ನಿಮಿಷ ಅಷ್ಟೇ. ದುಡ್ಡಿಲ್ಲ, ಮೈಕ್ ಇದೆ. ನಿಮ್ಮ ಅತ್ತೆಯವರ ಹತ್ತಿರ ಒಮ್ಮೆ ಮಾತಾಡಬಹುದಾ?

ಕಾಫಿಕಣ (ಚಿಕ್ಕಮಗಳೂರು)

ಖಂಡಿತ ಮಾತಾಡಿ. ನಿಮ್ಮ ಉತ್ತರ ಅತ್ತೆಗೆ ಓದಿ ಹೇಳಿದೆ. "ಹಾಗಾದರೆ ಕೊಯ್ಲಿನಲ್ಲೇ ಬರಲು ಹೇಳು, ಜನ ಕಮ್ಮಿ ಇರಲಿ, ಯಾರು ಬೇಡ ಅಂತಾರೆ?" ಅಂದರು. ನಿಮ್ಮ ಹತ್ತಿರ ಕ್ರೇನ್ ಇಲ್ಲ, ನೂರು ಜನ ಇಲ್ಲ. ಇಬ್ಬರು, ಒಂದು ಮೈಕ್. ಅಷ್ಟಕ್ಕೆ ಜಾಗ ಕೊಡುವ ತೋಟ ನಾನು ಕೇಳಿ ನೋಡುತ್ತೇನೆ. ನಮ್ಮ ಕ್ಯೂರಿಂಗಿಗೆ ಕಾಫಿ ಕಳಿಸುವ ಸಣ್ಣ ಬೆಳೆಗಾರರಲ್ಲಿ ಸಿನಿಮಾ ಹುಚ್ಚಿನವರು ಇದ್ದಾರೆ.

ಡಿಸೆಂಬರ್ ಕೊನೆಗೆ ಬಂದರೆ ಒಳ್ಳೆಯದು. ಬೆಳಗ್ಗೆ ಅಲ್ಲ, ಸಂಜೆ ತೂಕದ ಹೊತ್ತಿಗೆ ಬನ್ನಿ. ಎಲ್ಲರೂ ಬಿಡಿಸಿದ ಹಣ್ಣು ಸುರಿದು, ಹಸಿರು ಕಾಯಿ ಬೇರೆ ಮಾಡಿ, ಚೀಲ ತಕ್ಕಡಿಗೆ ಇಡುತ್ತಾರೆ. ಕಿಲೋ ಲೆಕ್ಕದ ಕೂಲಿ ಅಲ್ಲಿ ತೀರ್ಮಾನ ಆಗುತ್ತದೆ. ಆಗ ಕೇಳುವ ಮಾತನ್ನು ಯಾವ ಡಬ್ಬಿಂಗ್ ಕೋಣೆಯಲ್ಲೂ ಮಾಡಲು ಆಗುವುದಿಲ್ಲ. ಇನ್ನೊಂದು ಗಮನಿಸಿ. ಅತ್ತೆಯ ಕಾಲದ ಲೈನಿನಲ್ಲಿ ಕನ್ನಡ, ತುಳು, ತಮಿಳು ಇತ್ತು. ಈಗ ಅಸ್ಸಾಂ, ಬಂಗಾಳದವರೂ ಬಂದಿದ್ದಾರೆ. ಮೇಸ್ತ್ರಿ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಕೂಗುತ್ತಾನೆ, ಅವರ ಮಕ್ಕಳು ಅಂಗನವಾಡಿಯಲ್ಲಿ ನಮ್ಮ ಧಾಟಿಯ ಕನ್ನಡ ಕಲಿತು ಅಮ್ಮಂದಿರಿಗೆ ಹೇಳಿಕೊಡುತ್ತಾರೆ. ನಿಮ್ಮ ಕತೆಯಲ್ಲಿ ಎಲ್ಲರೂ ಒಂದೇ ಥರ ಮಾತಾಡಿದರೆ ಅತ್ತೆ ಎದ್ದು ಹೋಗುತ್ತಾರೆ, ಈಗಲೇ ಹೇಳಿದ್ದೇನೆ.

ನಿಮ್ಮ ಕತೆಯಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಪಾತ್ರ ಇದೆಯಾ? ಇಲ್ಲದಿದ್ದರೆ ಸೇರಿಸಿ. ತೂಕದ ಪುಸ್ತಕ ಅವನ ಕೈಯಲ್ಲೇ ಇರುವುದು.